ಗಾರೆಯ ಹಿಂದಿನ ಇಟ್ಟಿಗೆ

ಬೀದಿಯವರೆಲ್ಲ ಅವಳನ್ನು ಸ್ಪ್ಯಾನರಕ್ಕ ಎಂದೇ ಕರೆಯುತ್ತಿದ್ದರು. ಸ್ಕೂಟರ್ ಒಮ್ಮೆ ಕೆಮ್ಮಿದರೆ ಸಾಕು, ರೋಗ ಯಾವುದೆಂದು ಹೇಳಿಬಿಡುತ್ತಿದ್ದಳು. ಅಂಥವಳ ಗ್ಯಾರೇಜಿನಲ್ಲಿ ಸಾಮಾನೆಲ್ಲ ನೆಲದ ಮೇಲೆ: ಕಾರ್ಬುರೇಟರುಗಳು ಬಕೆಟ್ಟಿನಲ್ಲಿ, ಚೈನುಗಳು ಗೋಣಿಚೀಲದ ಮೇಲೆ.

"ಇದೇನಕ್ಕ, ಸಂತೆ ಹರಡಿದೀಯ?" ಎಂದು ಗಿರಾಕಿಗಳು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಹಿಂಗೋಡೆಯ ಕಡೆ ಮಾತ್ರ ಕಣ್ಣೆತ್ತುತ್ತಿರಲಿಲ್ಲ.

ಆ ಗೋಡೆಗೆ ಅವಳ ಅಪ್ಪ ಒಂದು ಕಬ್ಬಿಣದ ಕಪಾಟು ತೂಗುಹಾಕಿದ್ದ. ಒಂದು ಮಧ್ಯಾಹ್ನ ಅವನು ಅದರ ಕೆಳಗೆ ಕೂತು ಚಕ್ರ ಬಿಚ್ಚುತ್ತಿದ್ದಾಗ ಕಪಾಟು ಕಳಚಿ ಬಿತ್ತು. ಅಪ್ಪ ಮೇಲೇಳಲಿಲ್ಲ. ಅಂದು ಬೆಳಗ್ಗೆ ಹಳೆಯ ಗೇರ್‌ಬಾಕ್ಸೊಂದನ್ನು ಅದರ ಮೇಲಿನ ಅರೆಗೆ ಏರಿಸಿದ್ದವಳು ಅವಳೇ. ಯಾರಿಗೂ ಹೇಳಿರಲಿಲ್ಲ. ಆದರೆ ಕಪಾಟು ಕಳಚಿದ ಆ ಸದ್ದು ಅವಳ ಬೆನ್ನು ಬಿಡಲಿಲ್ಲ. ಕೆಲಸದ ನಡುವೆ ಎಲ್ಲಿಂದಲೋ ಕಿರ್ರೆಂದು ಸ್ಕ್ರೂ ಕಿತ್ತುಬರುವ ದನಿ, ಆಮೇಲೆ ಒಂದು ಉಸಿರಿನಷ್ಟು ಮೌನ. ಬಿದ್ದ ಸದ್ದಿಗಿಂತ ಆ ಮೌನಕ್ಕೇ ಅವಳ ಎದೆ ಝಲ್ಲೆನ್ನುತ್ತಿತ್ತು. ಪಕ್ಕದ ಮನೆಯಲ್ಲೇ ಇದ್ದ ಅಮ್ಮ ಅಂದಿನಿಂದ ಗ್ಯಾರೇಜಿನ ಹೊಸ್ತಿಲು ತುಳಿದಿರಲಿಲ್ಲ.

ಕೊನೆಗೆ ಸೊಂಟವೇ ಹಟ ಹಿಡಿಯಿತು. ಬಗ್ಗಿ ಬಗ್ಗಿ ಎತ್ತಿ, ಒಂದು ದಿನ ನೆಟ್ಟಗೆ ನಿಲ್ಲಲಾಗದೆ ಸ್ಕೂಟರಿನ ಹ್ಯಾಂಡಲ್ಲಿಗೆ ಜೋತುಬಿದ್ದಳು. ಬೇರೆ ಗೋಡೆಗಳಲ್ಲಿ ಬಾಗಿಲು, ಕಿಟಕಿ. ಕಪಾಟಿಗೆ ಜಾಗವಿದ್ದದ್ದು ಹಿಂಗೋಡೆಯಲ್ಲೇ.

ಸೀಮೆಸುಣ್ಣ ಹಿಡಿದು ಗೋಡೆಯ ಮೇಲೇ ನಕ್ಷೆ ಬರೆದಳು. ದಪ್ಪ ಪ್ಲೈವುಡ್ಡು, ಆಳ ಒಂದು ಮೊಳಕ್ಕಿಂತ ಕಡಿಮೆ. ಭಾರದ್ದೆಲ್ಲ ಕೆಳಗಿನ ಮೇಜಿನಡಿ, ಹಗುರದ್ದು ಮಾತ್ರ ಮೇಲೆ. ಓರೆಯಾಗಿ ಸೀಳಿದ ಎರಡು ಮರದ ಪಟ್ಟಿ, ಒಂದು ಗೋಡೆಗೆ, ಇನ್ನೊಂದು ಕಪಾಟಿನ ಬೆನ್ನಿಗೆ. ಭಾರ ಹೆಚ್ಚಿದಷ್ಟೂ ಒಂದನ್ನೊಂದು ಬಿಗಿಯಾಗಿ ಕಚ್ಚಿಕೊಳ್ಳಬೇಕು. ಬರೆದಳು, ಅಳಿಸಿದಳು, ಮತ್ತೆ ಬರೆದಳು.

ಡ್ರಿಲ್ ಹಿಡಿದು ಗೋಡೆಗೆ ಒತ್ತಿದಳು. ಮೊದಲು ಬೂದುಬಣ್ಣದ ಗಾರೆಯ ಪುಡಿ ಉದುರಿತು. ಎಷ್ಟು ಒತ್ತಿದರೂ ಅದೇ ಬೂದು. ಬೆರಳುದ್ದ ಒಳಹೊಕ್ಕ ಮೇಲೆ ಇಟ್ಟಿಗೆಯ ಕೆಂಪು ಪುಡಿ ಕಂಡಿತು. ಅವಳು ನಿಂತುಬಿಟ್ಟಳು. ಸೈಕಲ್ಲಿನ ಕಡ್ಡಿಯೊಂದನ್ನು ತಂದು ಅಪ್ಪ ಕೊರೆದ ಹಳೆಯ ತೂತಿಗೆ ತೂರಿಸಿದಳು. ಅದು ಅರ್ಧ ಬೆರಳೂ ಹೋಗಲಿಲ್ಲ. ಅಪ್ಪನ ಸ್ಕ್ರೂಗಳು ಬರೀ ಗಾರೆಯನ್ನು ಹಿಡಿದಿದ್ದವು, ಇಟ್ಟಿಗೆಯನ್ನು ಮುಟ್ಟೇ ಇರಲಿಲ್ಲ.

ಮೈತುಂಬ ಪುಡಿ ಮೆತ್ತಿಕೊಂಡೇ ಮನೆಗೆ ಓಡಿ, ಗೇರ್‌ಬಾಕ್ಸಿನ ಕಥೆಯನ್ನೂ ಸೇರಿಸಿ ಎಲ್ಲವನ್ನೂ ಅಮ್ಮನ ಮುಂದೆ ಸುರಿದಳು. ಬಟ್ಟೆ ಮಡಿಸುತ್ತಿದ್ದ ಅಮ್ಮ ಕೈಯಲ್ಲಿದ್ದ ಸೀರೆಯನ್ನು ಕೆಳಗಿಟ್ಟಳು.

"ಇಷ್ಟು ವರ್ಷ ಇದನ್ನ ಹೊಟ್ಟೇಲಿಟ್ಕೊಂಡಿದ್ಯಾ?"

"ಹೇಗಮ್ಮಾ ಹೇಳ್ಲಿ?"

"ಅವರು ಆ ಕಪಾಟು ಹಾಕ್ತಿದ್ದಾಗ, ಊಟ ಆರ್ತಿದೆ ಬನ್ನಿ ಬನ್ನಿ ಅಂತ ಕೂಗಿ ಪ್ರಾಣ ತಿಂದೋಳು ನಾನು. ಆಯ್ತು, ಇಷ್ಟು ಸಾಕು ಅಂತ ಬಿಟ್ಟೆದ್ದು ಬಂದ್ರು. ನಾನ್ಯಾರಿಗೆ ಹೇಳ್ಲಿ?"

"ಅದಕ್ಕೆ ನೀನೇನ್ ಮಾಡ್ತೀಯಮ್ಮಾ?" ಎಂದಳು ಮಗಳು.

"ಹಾಗಾದ್ರೆ ನೀನೇನ್ ಮಾಡ್ತಿದ್ದೆ?" ಎಂದಳು ತಾಯಿ.

ಉದ್ದನೆಯ ಬೋಲ್ಟುಗಳು ಇಟ್ಟಿಗೆಯ ಎದೆಯವರೆಗೂ ಇಳಿದವು. ಕಪಾಟುಗಳು ಏರಿದ ದಿನ ಅಮ್ಮ ಹೊಸ್ತಿಲಲ್ಲಿ ಕ್ಷಣಕಾಲ ನಿಂತು, ಆಮೇಲೆ ಒಳಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಿಂದ ಕಪಾಟಿನ ಅಂಚು ಹಿಡಿದು, ಹಲ್ಲು ಕಚ್ಚಿ ಜಗ್ಗಿದಳು. ಕಾಲು ನೆಲ ಬಿಟ್ಟಿತು. ಕಪಾಟು ಮಿಸುಕಲಿಲ್ಲ.

"ಅಮ್ಮಾ, ಬಿಡೇ! ನಿನ್ನ ಭುಜ ಕಿತ್ತು ಬರುತ್ತೆ!"

ಅಮ್ಮ ಇಳಿದು, ಏದುಸಿರು ಬಿಡುತ್ತಾ ನಕ್ಕಳು. ನಗು ಎಲ್ಲಿ ಅಳುವಾಯಿತೋ ಮಗಳಿಗೆ ತಿಳಿಯಲಿಲ್ಲ.

ಈಗ ಮಧ್ಯಾಹ್ನದ ಹೊತ್ತು ಅಮ್ಮ ಗ್ಯಾರೇಜಿಗೆ ಬಂದು ನಟ್ಟುಗಳನ್ನು ಗಾತ್ರ ನೋಡಿ ಡಬ್ಬಿಗೆ ಹಾಕುತ್ತಾಳೆ. ಬೀದಿಯ ಸುದ್ದಿಯೆಲ್ಲ ಅಲ್ಲೇ ಮಾತಾಡಿಕೊಳ್ಳುತ್ತಾರೆ. ಆದರೆ ಹಿಂಗೋಡೆಯ ಕೆಳಗೆ ಮಾತ್ರ ಇಬ್ಬರೂ ಕುರ್ಚಿ ಹಾಕುವುದಿಲ್ಲ.