ಇಬ್ಬರು ರೊಟ್ಟಿಯವರು, ಒಂದೇ ನಿಶ್ಚಯ

ಗೆಳೆಯರೇ, ಇವತ್ತು ಮಧ್ಯಾಹ್ನ ನವನಗರದ ನಮ್ಮ ಖಾನಾವಳಿಗೆ ರೊಟ್ಟಿ ಊಟಕ್ಕೆಂದು ಬಂದು ಬರೀ ಅನ್ನ ಉಂಡು ಹೋದವರೆಲ್ಲ ಬೈಯುವ ಮೊದಲು ಇದನ್ನು ಓದಿ.

ರೊಟ್ಟಿ ಒಂದು ದಿನವೂ ತಪ್ಪಬಾರದೆಂದು ನಾನು ಇಬ್ಬರನ್ನು ಹಿಡಿದಿದ್ದೆ. ಧಾರವಾಡದ ಕೆಲಗೇರಿಯಿಂದ ಶಾಂತಕ್ಕ, ಹುಬ್ಬಳ್ಳಿಯ ಗಬ್ಬೂರಿನಿಂದ ಗಂಗಕ್ಕ. ಒಂದು ಕಡೆ ರಸ್ತೆ ಬಂದ್ ಆದರೂ ಇನ್ನೊಂದು ಕಡೆಯ ರೊಟ್ಟಿ ಬರುತ್ತದಲ್ಲ! ಈ ಬುದ್ಧಿವಂತಿಕೆಯನ್ನು ಸಿಕ್ಕಸಿಕ್ಕವರ ಮುಂದೆ ಕೊಚ್ಚಿಕೊಂಡಿದ್ದೆ.

ಇವತ್ತು ಇಬ್ಬರ ಬುಟ್ಟಿಯೂ ಬರಲಿಲ್ಲ. ಶಾಂತಕ್ಕನಿಗೆ ಫೋನ್ ಹಚ್ಚಿದೆ. ಹಿಂದೆ ಶಹನಾಯಿ ಕೇಳಿಸುತ್ತಿತ್ತು.

"ಇವತ್ತ ಮಗನ ನಿಶ್ಚಯ ಐತ್ರಿ ಅಣ್ಣಾರ. ನಾ ಬರದಿದ್ರ ಗಂಗಕ್ಕ ಕೊಡ್ತಾಳ ಅಂತ ನೀವ ಹೇಳಿದ್ರಲ್ರೀ?"

"ಖರೇ. ಗಂಗಕ್ಕಗ ತಿಳಿಸೀರೇನು?"

"ತಿಳಿಸೂದೇನ್ರಿ, ಇಲ್ಲೇ ಬಾಜೂಕ ಕುಂತಾಳ. ಹುಡುಗಿ ಆಕಿ ಮಗಳ ಅಲ್ಲೇನ್ರಿ!"

ಫೋನ್ ಗಂಗಕ್ಕನ ಕೈಗೆ ಹೋಯಿತು. "ಎಲ್ಲಾ ನಿಮ್ಮ ಪುಣ್ಯಾರೀ ಅಣ್ಣಾರ! ದಸರಾ ಪೂಜಾಕ್ಕ ಕರದು ನಮ್ಮಿಬ್ಬರನ್ನ ಒಂದ ಬೆಂಚಿನ ಮ್ಯಾಲ ಕುಂಡ್ರಿಸಿದವ್ರು ನೀವ. ಲಗೂ ಊಟಕ್ಕ ಬರ್ರಿ, ರೊಟ್ಟಿ ಬಿಸಿ ಅದಾವು."

ಸಂಜೆಯೇ ಅಮ್ಮಿನಬಾವಿಯಲ್ಲಿ ಮೂರನೆಯವರನ್ನು ಹುಡುಕಿದೆ. ರೊಟ್ಟಿ ತೆಳುವೋ ದಪ್ಪವೋ ಎಂದು ವಿಚಾರಿಸಲಿಲ್ಲ. "ಅಕ್ಕಾರ, ಮನ್ಯಾಗ ಮದುವಿ ವಯಸ್ಸಿನ ಮಕ್ಕಳು ಅದಾರೇನ್ರಿ?" ಎಂದೆ.

"ಒಬ್ಬ ಮಗ ಅದಾನ್ರಿ. ಯಾಕ್ರೀ, ಹುಡುಗಿ ಗೊತ್ತದಾಳೇನು?"

ಈ ಸಲ ದಸರಾ ಪೂಜೆಗೆ ಅವರನ್ನು ಬೆಳಗ್ಗೆ, ಗಂಗಕ್ಕನನ್ನು ಸಂಜೆ ಕರೆಯುತ್ತೇನೆ. ಗಂಗಕ್ಕನಿಗೆ ಇನ್ನೊಬ್ಬ ಮಗಳಿದ್ದಾಳೆ.