ಅಕ್ಕೋರ ಚೇಳುಬಾಲದ ಗಿಡ

ಅಕ್ಕೋರ ಕೊಡೆಯ ತುದಿಯಲ್ಲಿ ಕಬ್ಬಿಣದ ಮೊನೆಯಿತ್ತು. ಅದು ನನ್ನ ಬೆನ್ನಿಗೆ ಚುಚ್ಚಿತೆಂದರೆ ಬೈಕ್ ನಿಲ್ಲಿಸಬೇಕು. ನಮ್ಮೂರು ಕೇಣಿಯಿಂದ ಕಾರವಾರ ಮುಟ್ಟುವಷ್ಟರಲ್ಲಿ ಹತ್ತು ಸಲ ಚುಚ್ಚುತ್ತಿದ್ದರು.

ಅಕ್ಕೋರೆಂದರೆ ಏಳನೇ ತರಗತಿಯವರೆಗೆ ನನಗೆ ಕಲಿಸಿದ ಟೀಚರು. ಆಮೇಲೆ ನಾನು ಶಾಲೆ ಬಿಟ್ಟೆ. ಈಗ ಮಷಿನ್ ಹಿಡಿದು ಮಾವಿನ ತೋಟಗಳಲ್ಲಿ ಕಳೆ ಕೊಚ್ಚುತ್ತೇನೆ. ಅವರು ನಿವೃತ್ತರಾಗಿ ಅದೇ ಕಳೆ ಹುಡುಕುತ್ತಿದ್ದರು. ಅದೂ ಒಂದೇ ಒಂದು: ಚೇಳುಬಾಲದ ಗಿಡ. ಹೂವಿನ ಕಡ್ಡಿ ಚೇಳಿನ ಬಾಲದ ಹಾಗೆ ಸುರುಳಿ, ಅದರ ಮೇಲೆ ಸಾಲಾಗಿ ಪುಟಾಣಿ ತಿಳಿನೇರಳೆ ಹೂವು. ನಮ್ಮ ಮನೆ ಹಿಂದಿನ ಗಟಾರದಲ್ಲೇ ಇತ್ತು. ಅಷ್ಟು ಸಾಲದು. ಕೈಗಾ ರಸ್ತೆಯಲ್ಲಿ ಅದು ಎಲ್ಲಿಯವರೆಗೆ ಹೋಗಿದೆ ಎಂದು ಅವರಿಗೆ ಗೊತ್ತಾಗಬೇಕು. ಕಂಡಲ್ಲೆಲ್ಲ ಒಂದು ಕೋಲು ನೆಟ್ಟು, ಹಳೇ ಕೆಂಪು ರವಿಕೆಯ ಚೂರು ಕಟ್ಟುತ್ತಿದ್ದರು.

ಕೆಂಪು ಬಟ್ಟೆ ಕಂಡರೆ ನಮ್ಮ ಜನ ಸುಮ್ಮನಿರುತ್ತಾರೆಯೇ? ಕೇಣಿಯ ಹತ್ತಿರದ ಒಂದು ಕೋಲಿನ ಬುಡದಲ್ಲಿ ಯಾರೋ ಲಿಂಬೆಹಣ್ಣು, ತೆಂಗಿನಕಾಯಿ ಇಟ್ಟಿದ್ದರು. ಅವನ್ನು ಎತ್ತಿ ಎಸೆಯಲು ಅಕ್ಕೋರು ಬಗ್ಗಿದರು. ಮೀನಿನ ಬುಟ್ಟಿ ಹೊತ್ತು ಬರುತ್ತಿದ್ದ ಹೆಂಗಸು ಕೂಗಿದಳು:

"ಮುಟ್ಟಬ್ಯಾಡಿ ಅಕ್ಕೋರೇ! ಯಾರೋ ಮಾಟ ಮಾಡ್ಸಿದಾರೆ!"

"ಯಾರೋ ಅಲ್ಲ ಮಾರಾಯ್ತೀ, ನಾನೇ ಕಟ್ಟಿದ್ದು!"

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಅಂದಿನಿಂದ ಅಕ್ಕೋರ ಅಂಗಳದಲ್ಲಿ ಬುಟ್ಟಿ ಇಳಿಯಲಿಲ್ಲ. ಅವರಿಗೆ ಮೀನು ತರುವುದೂ ನನ್ನ ತಲೆಗೇ ಬಂತು.

"ಈ ಕಳೆ ಹುಡ್ಕಿ ಎಂತಾ ಸಿಕ್ತದೆ ಅಕ್ಕೋರೇ?" ಸಿಟ್ಟಿನಲ್ಲೇ ಕೇಳಿದೆ.

"ಎಲ್ಲೀತನ್ಕ ಅದೆ ಅಂತ್ಲೇ ಗೊತ್ತಿಲ್ದಿದ್ರೆ, ನಾಳೆ ಇಲ್ಲದೇ ಹೋದ್ರೆ ಹ್ಯಾಂಗೋ ಗೊತ್ತಾಗೂದು, ದಡ್ಡಾ?"

ಕೊನೆಯ ಕೋಲು ನೆಟ್ಟದ್ದು ಕೈಗಾ ರಸ್ತೆಯ ಒಂದು ತಿರುವಿನ ಈಚೆ. ಮಂಡಿ ಹಿಡಿದುಕೊಂಡು ಅಲ್ಲೇ ಕಲ್ಲಿನ ಮೇಲೆ ಕುಳಿತರು. "ಆ ತಿರುವಿನಾಚೆ ಅದ್ಯಾ ನೋಡ್ಕಂಡ್ ಬಾ ತಮಾ."

"ಹೊಟ್ಟೆ ಹಸೀತದೆ. ಮುಂದಿನ ವಾರ ನೋಡ್ವಾ," ಎಂದು ಬೈಕ್ ಚಾಲೂ ಮಾಡಿದೆ. ಮುಂದಿನ ವಾರಕ್ಕೆ ಅಕ್ಕೋರು ಇರಲಿಲ್ಲ.

ಈ ವರ್ಷ ಅದೇ ರಸ್ತೆಯ ಅಂಚು ಸವರುವ ಕೆಲಸ ಸಿಕ್ಕಿತು. ಆ ಕೋಲಿನ ಹತ್ತಿರ ಬಂದಾಗ ಜೊತೆಯವನು ಮಷಿನ್ ಬಂದ್ ಮಾಡಿದ. "ಇದು ಮಾಟದ್ದು. ನಾ ಮುಟ್ಟೂದಿಲ್ಲ."

ಬಟ್ಟೆ ಮಳೆಗೆ ಬಿಳಚಿಕೊಂಡಿತ್ತು. ಬುಡದಲ್ಲಿ ಗಿಡ ಇತ್ತು. ನಿಜ ಹೇಳಬಹುದಿತ್ತು, ಹೇಳಲಿಲ್ಲ. ನಾನೂ ಮಷಿನ್ ಇಳಿಸಿ ತಿರುವಿನಾಚೆ ನಡೆದೆ.

ಮೋರಿಯ ಪಕ್ಕ ಮೂರು ಗಿಡ, ಬಾಲ ಸುತ್ತಿಕೊಂಡು ನಿಂತಿದ್ದವು. ಪಕ್ಕದ ಪೊದೆಯಿಂದ ಒಂದು ಕೋಲು ಮುರಿದು ನೆಟ್ಟೆ. ತಲೆಗೆ ಸುತ್ತಿದ್ದ ಕೆಂಪು ಟುವಾಲಿನ ಅಂಚು ಹರಿದು ಕಟ್ಟಿದೆ.

ಮುಂದೆ ನೋಡಿದರೆ ಇನ್ನೊಂದು ತಿರುವು. ಅಕ್ಕೋರನ್ನು ಬೈದುಕೊಳ್ಳುತ್ತಲೇ ಅತ್ತ ನಡೆದೆ.