ಹೊಲಿಗೆಯಿಲ್ಲದ ಮಾತ್ರೆ

ನಮ್ಮ ಮನೆಯ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಒಂದು ಅರ್ಧ ಬ್ಲೇಡಿದೆ. ಅಪ್ಪನ ಗಡ್ಡದ ಸೇವೆಯಿಂದ ನಿವೃತ್ತಿಯಾದ ಬ್ಲೇಡನ್ನು ದೊಡ್ಡಮ್ಮ ಅದರ ಕಾಗದದೊಳಗೇ ಇಟ್ಟು ಉದ್ದಕ್ಕೆ ಮುರಿದು, ಹಿಡಿಯುವ ಕಡೆ ಚಿಂದಿ ಸುತ್ತಿ, ಮೇಲೆ ಕೆಂಪು ದಾರ ಬಿಗಿದು ಅದಕ್ಕೆ ಎರಡನೆಯ ಜನ್ಮ ಕೊಟ್ಟಿದ್ದಾಳೆ. ಹಿಂದಿನ ಜನ್ಮದಲ್ಲಿ ಅದು ಬೆಳೆದದ್ದನ್ನು ಬೋಳಿಸುತ್ತಿತ್ತು. ಈ ಜನ್ಮದಲ್ಲಿ ತಪ್ಪಾಗಿ ಕೂಡಿದ್ದನ್ನು ಬಿಡಿಸುತ್ತದೆ. ತೋಳು ಬಿಗಿಯಾದ ರವಿಕೆ, ತಿರುವುಮುರುವಾಗಿ ಕೂತ ಕಾಲರು, ವರ್ಷಕ್ಕೊಮ್ಮೆ ನನ್ನ ಜೊತೆ ಉದ್ದವಾಗಬೇಕಾಗಿದ್ದ ಲಂಗದ ಅಂಚು, ಎಲ್ಲವೂ ಅದರ ಬಾಯಿಗೆ ಬಿದ್ದು ಬಂದವೇ. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದೀತು. ಇದ್ದರೆ ಅದರ ಗುಣ ನಿಮಗೂ ಗೊತ್ತಿರುತ್ತದೆ. ಎಲ್ಲಿ ಗೆರೆ ಕಂಡರೂ ಅಲ್ಲಿ ಬಿಚ್ಚಬಹುದು ಎಂದು ಅದು ಕೈಗೆ ಆಸೆ ಹುಟ್ಟಿಸುತ್ತದೆ.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಒಂದು ಟ್ರಂಕು ಮತ್ತು ಈ ಯಂತ್ರದೊಂದಿಗೆ ರಾಜಾಜಿನಗರದ ನಮ್ಮ ಮನೆಗೆ ಬಂದವಳು. ವಾರದ ಆರು ದಿನ ಅವಳು ನಮ್ಮೆಲ್ಲರವಳು. ಗುರುವಾರ ಮಾತ್ರ ತನ್ನವಳು. ಅಂದು ಮಾರ್ಕೆಟ್ಟಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಜ್ಞಾನಭಾರತಿಯ ಹೊಸ ಕಟ್ಟಡಗಳನ್ನು ಕಿಟಕಿಯಿಂದ ನೋಡುತ್ತ ಕೆಂಗೇರಿಗೆ ಹೋಗಿ, ಅಲ್ಲಿನ ಮಹಿಳಾ ಸಮಾಜದ ಒಂಟಿ ಕೋಣೆಯಲ್ಲಿ ಹೆಂಗಸರಿಗೆ ಬಟ್ಟೆಯ ಕಟಿಂಗ್ ಹೇಳಿಕೊಡುತ್ತಾಳೆ. ಮನೆಯಲ್ಲಿ ಅಕ್ಕ, ದೊಡ್ಡಮ್ಮ, ಅತ್ತಿಗೆ ಎಂದೆಲ್ಲ ಕರೆಸಿಕೊಳ್ಳುವವಳು ಅಲ್ಲಿ ಮೇಡಂ. ಗುರುವಾರ ಅವಳು ಉಡುವ ಸೀರೆಯ ಗಂಜಿಯೇ ಬೇರೆ.

ಇಂಥವಳಿಗೆ ರಕ್ತದ ಒತ್ತಡ ಬಂತು. ಒತ್ತಡವೆಂದರೆ ನಮ್ಮ ಭಾಷೆಯಲ್ಲಿ ಪ್ರೆಶರ್ರು. ಅದು ಗದ್ದಲವಿಲ್ಲದ ಅತಿಥಿ. ಬಾಗಿಲು ತಟ್ಟುವುದಿಲ್ಲ, ಬಂದು ಕೂತದ್ದೂ ತಿಳಿಯುವುದಿಲ್ಲ. ತಲೆನೋವೆಂದು ಹೋದವಳ ತೋಳಿಗೆ ನಮ್ಮ ಬೀದಿಯ ಡಾಕ್ಟರು ಪಟ್ಟಿ ಸುತ್ತಿ, ಪಾದರಸ ಏರಿಸಿ ಇಳಿಸಿ, ಒಂದು ಬಿಳಿ ಮಾತ್ರೆ ಬರೆದುಕೊಟ್ಟರು. "ಇದ್ರಲ್ಲಿ ಎರಡು ಔಷಧಿ ಸೇರಿದೆ ಅಮ್ಮ. ಒಂದು ಪ್ರೆಶರ್ ಇಳಿಸೋಕೆ, ಇನ್ನೊಂದು ಮೈಯಲ್ಲಿ ಹೆಚ್ಚಾಗಿರೋ ಉಪ್ಪು ನೀರು ಹೊರಗೆ ಹಾಕೋಕೆ. ದಿನಾ ಬೆಳಿಗ್ಗೆ ತಿಂಡಿ ಆದ್ಮೇಲೆ ಒಂದು," ಎಂದರು. ದೊಡ್ಡಮ್ಮ ವಿನಯವಾಗಿ ತಲೆಯಾಡಿಸಿದಳು. ಆ ಮಾತಿನಲ್ಲಿ ಅವಳು ಏನು ಕೇಳಿಸಿಕೊಂಡಳೆಂಬುದು ನಮಗೆ ತಿಳಿದದ್ದು ಎಷ್ಟೋ ವಾರಗಳ ಮೇಲೆ.

ನನಗೋ ಔಷಧಿಯೆಂದರೆ ಹುಚ್ಚು. ಕಾಲೇಜಿನಲ್ಲಿ ಕಲಿತದ್ದಲ್ಲ, ಫುಟ್‌ಪಾತಿನಲ್ಲಿ ಸಿಕ್ಕ ಹಳೆಯ ವೈದ್ಯಕೀಯ ಪುಸ್ತಕಗಳನ್ನು ನಿಘಂಟಿನ ಕೈಹಿಡಿದು ಓದಿ ಹತ್ತಿಸಿಕೊಂಡದ್ದು. ಮಾತ್ರೆಯ ಜೊತೆ ಬಂದ ಚೀಟಿಯನ್ನು ಬೇರೆ ಹುಡುಗಿಯರು ಕಾದಂಬರಿ ಓದುವ ಶ್ರದ್ಧೆಯಿಂದ ಓದಿದ್ದೆ. ಔಷಧಿಗಳೂ ನಮ್ಮಂತೆಯೇ ಸಂಸಾರ ಹೂಡುತ್ತವೆ ಎಂಬುದು ನನಗೆ ಬಹಳ ಇಷ್ಟವಾಯಿತು. ಒಬ್ಬರಿಂದ ಆಗದ ಕೆಲಸಕ್ಕೆ ಇಬ್ಬರು ಸೇರುವುದು, ಒಂದು ಔಷಧಿ ರಕ್ತನಾಳವನ್ನು ಸಡಿಲಿಸಿದರೆ ಇನ್ನೊಂದು ಅದರ ಭಾರ ಇಳಿಸುವುದು, ಎರಡೂ ಒಂದೇ ಗುಟುಕು ನೀರಿನಲ್ಲಿ ಒಳಗೆ ಹೋಗುವುದು!

ಆದರೆ ಡಾಕ್ಟರ ಪಾದರಸ ಈ ಸಂಸಾರಕ್ಕೆ ಸೊಪ್ಪು ಹಾಕಲಿಲ್ಲ. ಶುಕ್ರವಾರ ಶುಕ್ರವಾರ ತೋರಿಸಲು ಹೋದಾಗಲೆಲ್ಲ ಅದು ಮೇಲೆಯೇ. ಡಾಕ್ಟರು ಹುಬ್ಬು ಗಂಟಿಕ್ಕಿ, "ಮುಂದಿನ ವಾರವೂ ಹೀಗೇ ಇದ್ರೆ ಮಾತ್ರೆ ಜಾಸ್ತಿ ಮಾಡ್ಬೇಕಾಗುತ್ತೆ," ಎಂದರು. ಮರುದಿನ ಶನಿವಾರ ದೊಡ್ಡಮ್ಮ ಹೊಲಿಯುತ್ತಿದ್ದವಳು ಥಟ್ಟನೆ ಎದ್ದು ನಿಂತಳು. ನಿಂತವಳು ತೇಲಿದಂತಾಗಿ ಯಂತ್ರದ ಚಕ್ರ ಹಿಡಿದು ಕುಸಿದು ಕೂತಳು. ಹಣೆಯ ತುಂಬ ಬೆವರು. ಅಮ್ಮ ಒಲೆಯ ಮೇಲಿನ ಹಾಲನ್ನು ಅದರ ಪಾಡಿಗೆ ಬಿಟ್ಟು ಓಡಿಬಂದಳು.

"ಅಕ್ಕ, ಇದೇ ಮಾರ್ಕೆಟ್ ಬಸ್‌ಸ್ಟಾಂಡಲ್ಲಿ ಆಗಿದ್ರೆ? ಸಾಕು ಬಿಡು ಕೆಂಗೇರಿ. ಬರೋ ಶುಕ್ರವಾರ ಡಾಕ್ಟ್ರು ಸರಿಯಿದೆ ಅಂದ್ರೆ ಸರಿ. ಇಲ್ಲಾಂದ್ರೆ ಈ ಗುರುವಾರವೇ ಕೊನೆ."

"ಏನೂ ಆಗಿಲ್ಲ ಕಣೇ, ಸುಮ್ನೆ ಒಂಚೂರು ತಲೆ ಸುತ್ತು."

"ಸುಮ್ನೆ ಸುತ್ತೋಕೆ ಅದೇನು ಬುಗುರಿನಾ?"

ದೊಡ್ಡಮ್ಮ ನಗಲಿಲ್ಲ. ಸಂಜೆಯವರೆಗೂ ಯಂತ್ರದ ಮುಂದೆ ಕೂತೇ ಇದ್ದಳು, ಹೊಲಿಯಲಿಲ್ಲ. ಗುರುವಾರವನ್ನು ಕಳೆದುಕೊಂಡರೆ ಅವಳ ವಾರದಲ್ಲಿ ಏನು ಉಳಿಯುತ್ತದೆಂದು ನನಗೆ ಅಂದೇ ಹೊಳೆದದ್ದು.

ಗುರುವಾರ ಬೆಳಿಗ್ಗೆ ಪೆನ್ಸಿಲು ಚೂಪು ಮಾಡಲು ಬ್ಲೇಡು ಹುಡುಕಿಕೊಂಡು ಹೋದೆ. ಡ್ರಾಯರಿನಲ್ಲಿರಲಿಲ್ಲ, ದೊಡ್ಡಮ್ಮನ ಕೈಯಲ್ಲಿತ್ತು. ಅವಳು ಯಂತ್ರದ ಹಲಗೆಯ ಮೇಲೆ ಮಾತ್ರೆಯನ್ನಿಟ್ಟು, ನಡುವಿನ ಗೆರೆಯ ಮೇಲೆ ಬ್ಲೇಡನ್ನು ಊರಿ, ರವಿಕೆಯ ಹೊಲಿಗೆ ಬಿಚ್ಚುವಷ್ಟೇ ನಾಜೂಕಾಗಿ ಒತ್ತಿದಳು. ಟಕ್ಕೆಂದು ಅದು ಎರಡಾಯಿತು. ಒಂದು ಹೋಳು ಬಾಯಿಗೆ ಹೋಯಿತು. ಇನ್ನೊಂದು ಗುಂಡಿಗಳ ಡಬ್ಬಿಗೆ. ಬಗ್ಗಿ ನೋಡಿದರೆ, ಬಿಳಿ ಷರ್ಟುಗುಂಡಿಗಳ ನಡುವೆ ಗುಂಡಿಗಳಂತೆಯೇ ಅಮಾಯಕವಾಗಿ ಬಿದ್ದಿವೆ ಹಲವು ಅರ್ಧಚಂದ್ರರು.

"ಏನ್ ದೊಡ್ಡಮ್ಮ ಇದು?"

"ಕೂಗ್ಬೇಡ್ವೇ, ನಿಮ್ಮಮ್ಮ ಬರ್ತಾಳೆ. ಡಾಕ್ಟ್ರೇ ಹೇಳ್ಲಿಲ್ವಾ, ಎರಡು ಔಷಧಿ ಸೇರ್ಸಿದಾರೆ ಅಂತ? ಇದೋ ನೋಡು ಹೊಲಿಗೆ. ಈ ಕಡೆ ಪ್ರೆಶರ್‌ದು, ಆ ಕಡೆ ನೀರಿಂದು. ಗುರುವಾರ ನಂಗೆ ನೀರಿಂದು ಬೇಡ."

"ಯಾವ್ದು ಯಾವ ಕಡೆ ಅಂತ ನಿಂಗೆ ಹೇಗೆ ಗೊತ್ತು?"

"ಅಕ್ಷರ ಒತ್ತಿರೋ ಕಡೆ ಪ್ರೆಶರ್‌ದು. ಮುಖ್ಯವಾದ್ದಕ್ಕೆ ತಾನೆ ಹೆಸರು ಹಾಕೋದು? ಓದಿರೋಳು ನೀನು, ಅಷ್ಟೂ ತಿಳಿಯಲ್ವಾ?"

"ಮತ್ತೆ ಇವನ್ನೆಲ್ಲ ಕೂಡಿಡೋದು ಯಾಕೆ?"

"ಪಕ್ಕದ್ಮನೆ ಕಮಲಮ್ಮಂಗೆ ಕಾಲು ಊದ್ಕೊಂಡಿದೆಯಂತೆ. ನೀರಿಳಿಯೋ ಭಾಗ, ಹಾಳ್ಯಾಕೆ ಮಾಡ್ಬೇಕು? ನಾಳೆ ಕೊಡ್ತೀನಿ ಅಂದಿದೀನಿ."

ನಾನು ಗುಂಡಿಗಳ ಡಬ್ಬಿಯನ್ನು ನನ್ನತ್ತ ಎಳೆದುಕೊಂಡೆ. ಆದರೂ ಹೇಳುತ್ತೇನೆ, ಆ ತರ್ಕದಲ್ಲಿ ಒಂದು ಸೌಂದರ್ಯವಿತ್ತು. ಬದುಕಿಡೀ ಎರಡು ಬಟ್ಟೆ ಕೂಡುವಲ್ಲಿ ಗೆರೆ ಕಂಡವಳು, ಗೆರೆಯಿದ್ದಲ್ಲಿ ಎರಡು ಬಟ್ಟೆ ಕೂಡಿದೆ ಎಂದುಕೊಂಡಳು. ಅದಕ್ಕೇ ಪುಸ್ತಕದ ಮಾತು ಬಿಟ್ಟು ಅಡುಗೆಮನೆಯ ಮಾತು ಹಿಡಿದೆ. "ದೊಡ್ಡಮ್ಮ, ಇದು ಹೊಲಿದಿದ್ದಲ್ಲ, ಕಲಸಿದ್ದು. ಹುಳಿಗೆ ಉಪ್ಪೂ ಹುಣಸೆಹಣ್ಣೂ ಹಾಕ್ತೀಯಲ್ಲ. ಬಡಿಸೋವಾಗ ಈ ಸೌಟಲ್ಲಿ ಉಪ್ಪು, ಆ ಸೌಟಲ್ಲಿ ಹುಣಸೆಹಣ್ಣು ಅಂತ ಬರುತ್ತಾ? ಅರ್ಧ ತಗೊಂಡ್ರೆ ಎರಡೂ ಅರ್ಧರ್ಧ ಹೋಗುತ್ತೆ. ಗುರುವಾರ ಅರ್ಧ ಔಷಧಿ, ಶುಕ್ರವಾರ ಬೆಳಿಗ್ಗೆ ಪ್ರೆಶರ್ ನೋಡ್ಸೋದು! ಅದು ಇಳಿಯೋದು ಹೇಗೆ?"

ಅವಳು ಬ್ಲೇಡಿನ ಅಂಚಿನಲ್ಲಿದ್ದ ಬಿಳಿ ಹುಡಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ಶನಿವಾರ ಒಂದೂವರೆ ತಗೊಂಡಿದ್ದೆ ಕಣೇ. ಬೇಗ ಇಳೀಲಿ ಅಂತ," ಎಂದಳು. ಚಕ್ರ ಹಿಡಿದು ಕುಸಿದದ್ದರ ಗುಟ್ಟು ಅದಾಗಿತ್ತು.

ಅಂದಿನ ಕೆಂಗೇರಿ ಬಸ್ಸನ್ನು ಬಿಟ್ಟು ಗುಂಡಿಗಳ ಡಬ್ಬಿಯೊಂದಿಗೆ ಡಾಕ್ಟರಲ್ಲಿಗೆ ಹೋದೆವು. ಅವರು ಅರ್ಧಚಂದ್ರರನ್ನು ಅಂಗೈಗೆ ಸುರಿದುಕೊಂಡು, "ನಾನು ನಾಳೆ ಮಾತ್ರೆ ಹೆಚ್ಚು ಮಾಡ್ತಿದ್ದೆನಲ್ಲಮ್ಮ! ನೀವು ಎಲ್ಲಾ ದಿನಾನೂ ಪೂರ್ತಿ ತಗೋತಿದೀರಿ ಅಂತ ನಂಬ್ಕೊಂಡು. ಆಮೇಲೆ ನೀವು ಎಲ್ಲಿ ಬೀಳ್ತಿದ್ರೋ," ಎಂದರು. "ಗೆರೆ ಹಾಕೋದು ಅರ್ಧ ಸಾಕು ಅಂತ ಡಾಕ್ಟರು ಹೇಳಿದೋರಿಗೆ. ನಿಮಗೆ ಹೇಳಿಲ್ವಲ್ಲ. ಗುರುವಾರ ಏನು ತೊಂದ್ರೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮ ಮೊಣಕೈ ತಿವಿದು ಸುಮ್ಮನಾಗಿಸಿದಳು. ಸೆರಗನ್ನು ಭುಜದ ತುಂಬ ಹೊದ್ದು, ಗೋಡೆಯ ಕ್ಯಾಲೆಂಡರಿಗೆ ಹೇಳುವವಳಂತೆ ಹೇಳಿದಳು:

"ಬೆಳಿಗ್ಗೆ ಮನೆ ಬಿಟ್ರೆ ಮತ್ತೆ ಮನೆ ಸೇರೋದು ಮಧ್ಯಾಹ್ನದ ಮೇಲೆ. ಬಸ್‌ಸ್ಟಾಂಡಲ್ಲಿ ಹೆಂಗಸ್ರು ಹೋಗೋಕೊಂದು ಜಾಗ ಇಲ್ಲ, ಸಮಾಜದಲ್ಲೂ ಇಲ್ಲ. ಗಂಡಸ್ರಿಗಾದ್ರೆ ಊರಿನ ಗೋಡೆಗಳೆಲ್ಲ ಇವೆ ಡಾಕ್ಟ್ರೇ. ನಾವೇನು ಮಾಡ್ಬೇಕು? ಆ ಮಾತ್ರೆ ನುಂಗಿ ಬಸ್ ಹತ್ತೋಕಾಗುತ್ತಾ?"

ಡಾಕ್ಟರು ಪೆನ್ನಿನ ಕ್ಯಾಪು ಹಾಕಿದರು, ತೆಗೆದರು, ಮತ್ತೆ ಹಾಕಿದರು. "ಮೊದ್ಲೇ ಹೇಳ್ಬಾರ್ದಿತ್ತೇನಮ್ಮ?"

"ನೀವು ಕೇಳ್ಲಿಲ್ಲ. ನಂಗೂ ಬಾಯಿ ಬರ್ಲಿಲ್ಲ."

ನೋಡಿ, ಇಲ್ಲಿಗೆ ಬಂದಾಗಲೆಲ್ಲ ನನ್ನ ಯೋಚನೆ ನಿಂತುಬಿಡುತ್ತದೆ. ಔಷಧಿಯ ಚೀಟಿಯಲ್ಲಿ ಯಾವ ಅಂಗಕ್ಕೆ ಏನಾಗುತ್ತದೆಂದು ಉದ್ದಕ್ಕೆ ಬರೆದಿರುತ್ತಾರೆ. ಬಸ್ಸಿನಲ್ಲಿ ಕೂತ ಹೆಂಗಸಿಗೆ ಏನಾಗುತ್ತದೆಂದು ಬರೆದಿರುವುದಿಲ್ಲ. ರೋಗಿ ಹೇಳದ್ದು, ವೈದ್ಯ ಕೇಳದ್ದು, ಈ ಎರಡು ಮೌನಗಳೂ ಮಾತ್ರೆಯೊಳಗೆ ಕಲಸಿಹೋಗಿ ಅದರ ಶಕ್ತಿಯನ್ನು ಕುಗ್ಗಿಸುತ್ತವೆ. ನಾಚಿಕೆಯೆಂಬುದು ಎಷ್ಟು ಮೃದುವಾದ ಬಟ್ಟೆ, ಆದರೆ ಅದನ್ನು ಬಿಗಿಯಾಗಿ ಹೊಲಿದು ತೊಟ್ಟುಕೊಂಡರೆ ಉಸಿರಾಡುವುದು ಹೇಗೆ?

ಡಾಕ್ಟರು ಕುರ್ಚಿಯನ್ನು ಮುಂದಕ್ಕೆಳೆದು, ಮಗಳಿಗೆ ಹೇಳುವಂತೆ ನಿಧಾನವಾಗಿ ಹೇಳಿದರು. ಇನ್ನು ಕತ್ತರಿಸುವುದಿಲ್ಲ. ಒಂದು ದಿನ ಮರೆತರೆ ಮರುದಿನ ಎರಡು ನುಂಗಿ ಸರಿದೂಗಿಸುವುದಿಲ್ಲ. ಮೈ ಹಗುರಾಯಿತೆಂದು ತಾನಾಗಿ ನಿಲ್ಲಿಸುವುದೂ ಇಲ್ಲ. ತಿಂಡಿಯನ್ನೇ ಒಂದಿಷ್ಟು ಬೇಗ ಮಾಡಿ ಆಗಲೇ ಮಾತ್ರೆ ತಗೊಂಡರೆ, ಅದರ ನೀರಿನ ಅವಸರ ಬಹುಮಟ್ಟಿಗೆ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಹೊರಡುವುದು ಅದಾದ ಮೇಲೆ ಇರಲಿ. ಹಾಗೆಂದು ನೀರು ಕುಡಿಯದೆ ಒಣಗಬಾರದು. ಕೂತಲ್ಲಿಂದ ಏಳುವಾಗ ಅವಸರ ಬೇಡ. ಕಾಲು ಸೆಳೆದರೆ, ಸುಸ್ತಾದರೆ, ಮನಸ್ಸು ಮಂಕಾದರೆ ಬಂದು ಹೇಳಬೇಕು. ಉಪ್ಪಿನಕಾಯಿಯ ಭರಣಿ ಅಟ್ಟಕ್ಕೇರಲಿ.

"ಕಮಲಮ್ಮಂಗೆ?" ಎಂದಳು ದೊಡ್ಡಮ್ಮ, ಡಬ್ಬಿಯ ಕಡೆ ಆಸೆಯಿಂದ ನೋಡುತ್ತ.

"ಕಮಲಮ್ಮನವರನ್ನೇ ಇಲ್ಲಿಗೆ ಕಳ್ಸಿ. ಕಾಲು ಯಾಕೆ ಊದಿದೆ ಅಂತ ನೋಡ್ದೆ ಕೊಡೋಕೆ ಇದು ಅರಿಸಿನ ಕುಂಕುಮನಾ?"

ಮುಂದಿನ ಗುರುವಾರ, ನಡೆದದ್ದನ್ನು ಹೇಳಿ ಅಮ್ಮನನ್ನು ನಾನು ಕಾಡಿ ಬೇಡಿ ಒಪ್ಪಿಸಿ, ದೊಡ್ಡಮ್ಮನ ಜೊತೆ ಕೆಂಗೇರಿಗೆ ಹೋದೆ. ಬೇಗನೆ ತಿಂಡಿ ತಿಂದು ಇಡೀ ಮಾತ್ರೆ ನುಂಗಿದ್ದ ಅವಳು, ತಡವಾಗಿ ಹೊರಟು, ತಡವಾಗಿಯೇ ಆ ಕೋಣೆ ಹೊಕ್ಕಳು. ಹೆಂಗಸರು ಸುತ್ತುವರಿದು, ಹೋದ ವಾರ ಯಾಕೆ ಬರಲಿಲ್ಲ, ಇವತ್ತು ಯಾಕೆ ತಡ ಎಂದು ಕೇಳಿದರು. ಡಾಕ್ಟರ ಮುಂದೆ ಒಮ್ಮೆ ಬಿಚ್ಚಿದ ಬಾಯಿ. ಮತ್ತೆ ಹೊಲಿದುಕೊಳ್ಳುವುದು ಅವಳಿಗೂ ಬೇಡವಾಗಿತ್ತೇನೋ. ಇದ್ದದ್ದನ್ನು ಇದ್ದಂತೆ ಹೇಳಿದಳು.

ಮೂಲೆಯಲ್ಲಿದ್ದ ಗೌರಮ್ಮ, ಬಸ್‌ಸ್ಟಾಪಿನ ಎದುರುಮನೆಯವಳು, ಕತ್ತರಿ ಕೆಳಗಿಟ್ಟು ನಕ್ಕಳು. "ಅಯ್ಯೋ ಮೇಡಂ! ಗುರುವಾರ ಅಂದ್ರೆ ನಾವ್ಯಾರೂ ಬೆಳಿಗ್ಗೆಯಿಂದ ಒಂದು ತೊಟ್ಟು ನೀರು ಕುಡಿಯಲ್ಲ. ಬ್ಯಾಡರಹಳ್ಳಿ ಕಡೆಯಿಂದ ಬರೋ ಇವ್ಳಂತೂ ಕಾಫೀನೂ ಬಿಟ್ಟವ್ಳೆ. ನಡುವೆ ಎದ್ದು ಹೋಗೋಕೆ ನೀವು ಬಿಡಲ್ವೇನೋ ಅಂದ್ಕೊಂಡಿದ್ವಿ."

"ಮೊದ್ಲೇ ಹೇಳ್ಬಾರ್ದಿತ್ತೇನ್ರೇ?" ಎಂದಳು ದೊಡ್ಡಮ್ಮ.

"ನೀವು ಕೇಳ್ಲಿಲ್ವಲ್ಲ ಮೇಡಂ!"

ದೊಡ್ಡಮ್ಮ ನನ್ನ ಮುಖ ನೋಡಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗು ಇಡೀ ಕೋಣೆಗೆ ಹಬ್ಬಿತು. ಒಬ್ಬೊಬ್ಬರೂ ಒಂಟಿಯಾಗಿ ಹೊತ್ತು ತಂದಿದ್ದ ಬಾಯಾರಿಕೆ ಅಂದು ಒಟ್ಟಿಗೆ ಕೆಳಗಿಳಿಯಿತು. ತರಗತಿ ಮಧ್ಯಾಹ್ನಕ್ಕೆ ಬದಲಾಯಿತು. ಗೌರಮ್ಮನ ಹಿತ್ತಲಿನ ಬಾಗಿಲು ಗುರುವಾರಗಳಂದು ಎಲ್ಲರಿಗೂ ತೆರೆಯಿತು, ಅವಳ ಮನೆಯ ನೀರಿನ ಹೂಜಿ ಕೋಣೆಗೆ ಬಂತು.

ಪಾದರಸ ಮರುದಿನವೇ ಇಳಿಯಿತೆಂದು ಹೇಳಿದರೆ ನೀವು ನಂಬಬೇಡಿ. ಅದಕ್ಕೂ ಅದರದೇ ಗಾಂಭೀರ್ಯವಿದೆ. ಆದರೂ ಅಂದು ಡಾಕ್ಟರು ಮಾತ್ರೆ ಹೆಚ್ಚಿಸಲಿಲ್ಲ, ಅಮ್ಮ ಕೊನೆಯ ಗುರುವಾರದ ಮಾತೆತ್ತಲಿಲ್ಲ. ಕೆಲವು ವಾರ ಕಳೆದ ಮೇಲೆ ಡಾಕ್ಟರ ಹುಬ್ಬಿನ ಗಂಟು ಬಿಚ್ಚಿತು. ಅಂದು ಅಮ್ಮ ಅಕ್ಕನ ಗುರುವಾರದ ಸೀರೆಗೆ ತಾನೇ ಗಂಜಿ ಹಾಕಿ ತಂತಿಯ ಮೇಲೆ ಹರವಿದಳು.

ನಿನ್ನೆ ಪೆನ್ಸಿಲಿಗೆಂದು ಮತ್ತೆ ಡ್ರಾಯರು ಎಳೆದೆ. ಅರ್ಧ ಬ್ಲೇಡು ತನ್ನ ಜಾಗದಲ್ಲೇ ಇತ್ತು, ಅಂಚಿನಲ್ಲಿ ಬಿಳಿ ಹುಡಿಯಿಲ್ಲ, ಯಾರದೋ ರವಿಕೆಯ ನೀಲಿ ನೂಲಿನ ಎಳೆಯೊಂದು ಸಿಕ್ಕಿಕೊಂಡಿತ್ತು. ಪಕ್ಕದಲ್ಲಿ ದೊಡ್ಡಮ್ಮ ತಿಂಡಿ ಮುಗಿಸಿ, ಇಡೀ ಮಾತ್ರೆಯನ್ನು ಅಂಗೈಯಲ್ಲಿಟ್ಟು, ನಡುವಿನ ಗೆರೆಯ ಮೇಲೆ ಹೆಬ್ಬೆರಳು ಒಮ್ಮೆ ಆಡಿಸಿ ಬಾಯಿಗೆ ಹಾಕಿಕೊಂಡಳು. ಲೋಟದ ನೀರನ್ನು ತಳದವರೆಗೂ ಕುಡಿದಳು. ಆಮೇಲೆ ಯಂತ್ರದ ಅಂಚು ಹಿಡಿದು, ಮೊದಲು ಬೆನ್ನು ನೆಟ್ಟಗೆ ಮಾಡಿ, ಒಂದು ಗಳಿಗೆ ಕೂತು, ನಿಧಾನವಾಗಿ, ಗಂಜಿ ಹಾಕಿದ ಸೀರೆಯ ನಿರಿಗೆ ಮುರಿಯದಂತೆ, ಎದ್ದು ನಿಂತಳು.